ಬಿರುಬಿಸಿಲೂ ಬೃಹತ್ ಕುಂಬಳವೂ

"ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ" ಎಂಬ ಗಾದೆಯನ್ನು ನಮ್ಮ ಶಾಲೆಯ ಚಿಕ್ಕ ತರಗತಿಯ ಮಕ್ಕಳೂ ಬಲ್ಲರು. ಕದ್ದ ಕಾಯಿಯನ್ನು ಹೆಗಲ ಮೇಲೆ ಹೊತ್ತು ತಂದವನಿಗೆ, ಅದರ ಮೈಮೇಲಿನ ಬೂದಿ ತನ್ನ ಹೆಗಲಿಗೆ ಅಂಟಿರಬಹುದೆಂಬ ಅಂಜಿಕೆ. ಆ ಗಾದೆಯ ಕಾಯಿ ಬೂದುಗುಂಬಳ. ಅದು ಒಬ್ಬನು ಹೊರಬಹುದಾದಷ್ಟೇ ಭಾರದ್ದು. ನಾವು ಈ ಲೇಖನದಲ್ಲಿ ಹೇಳಹೊರಟಿರುವ ಕುಂಬಳವನ್ನಾದರೋ ಯಾವ ಕಳ್ಳನೂ ಹೊರಲಾರ. ಹತ್ತು ಜನ ಗಟ್ಟಿಗರು ಸೇರಿದರೂ ಅದು ನೆಲಬಿಟ್ಟು ಏಳದು. ಅದನ್ನು ಎತ್ತಲು ಯಂತ್ರವೇ ಬೇಕು, ಸಾಗಿಸಲು ಲಾರಿಯೇ ಬೇಕು.

ಮುದುಕಿಯೊಬ್ಬಳು ಕುಂಬಳಕಾಯಿಯೊಳಗೆ ಕುಳಿತು, ಹುಲಿ ಕರಡಿಗಳ ಕಣ್ಣು ತಪ್ಪಿಸಿ ಕಾಡನ್ನು ದಾಟಿದ ಮರಾಠಿ ಕಥೆಯನ್ನು ನೀವು ನೆರೆಮನೆಯ ಗೆಳೆಯರಿಂದ ಕೇಳಿರಬಹುದು. ಮನುಷ್ಯರು ಒಳಗೆ ಕುಳಿತುಕೊಳ್ಳಬಹುದಾದ ಕುಂಬಳ ಕಥೆಯಲ್ಲಿ ಮಾತ್ರವಲ್ಲ, ಲೋಕದಲ್ಲಿಯೂ ಉಂಟು. ಕೆನಡ ದೇಶದ ನೋವಾ ಸ್ಕೋಷಿಯ ಪ್ರಾಂತದ ವಿಂಡ್ಸರ್ ಎಂಬ ಊರಿನಲ್ಲಿ 1999ರಲ್ಲಿ ಒಂದು ವಿಚಿತ್ರ ಪಂದ್ಯ ಆರಂಭವಾಯಿತು. ತಿರುಳು ತೆಗೆದ ದೊಡ್ಡ ಕುಂಬಳಗಳಲ್ಲಿ ಕುಳಿತು, ಹುಟ್ಟು ಹಾಕುತ್ತ ನೀರನ್ನು ದಾಟುವ ದೋಣಿ ಪಂದ್ಯವದು. ಇಂಥ ಕಾಯನ್ನು ಬೆಳೆಸುವವರಿಗೆ ಎದುರಾಗುವ ದೊಡ್ಡ ಶತ್ರುಗಳಲ್ಲಿ ಬೇಸಗೆಯ ಬಿರುಬಿಸಿಲೂ ಒಂದು. ಆ ಬಿಸಿಲಿನಿಂದ ಬಳ್ಳಿಯನ್ನು ಅವರು ಕಾಪಾಡುವ ಬಗೆಯನ್ನು ತಿಳಿದುಕೊಂಡರೆ, ನಮ್ಮ ಮನೆಯ ಗ್ಯಾಲರಿಯಲ್ಲಿರುವ ತುಳಸಿಯಿಂದ ಹಿಡಿದು ಊರಿನ ಹೊಲದ ಬೆಳೆಯವರೆಗೆ ಎಲ್ಲ ಗಿಡಗಳ ವಿಷಯವೂ ಸ್ವಲ್ಪಮಟ್ಟಿಗೆ ತಿಳಿದಂತಾಗುವುದು.

1. ದೈತ್ಯ ಕುಂಬಳದ ವೃತ್ತಾಂತ

ಬೂದುಗುಂಬಳವು ನಮ್ಮ ಏಷ್ಯಾ ಖಂಡದ ಹಳೆಯ ಬೆಳೆ. ಸಿಹಿಗುಂಬಳದ ಪೂರ್ವಜರಾದರೋ ಅಮೆರಿಕ ಖಂಡಗಳಿಗೆ ಸೇರಿದವರು. ಯುರೋಪಿನ ನಾವಿಕರು ಆ ಖಂಡಗಳನ್ನು ಕಂಡ ಮೇಲೆ ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊಗಳಂತೆಯೇ ಇದೂ ಜಗತ್ತನ್ನೆಲ್ಲ ಸುತ್ತಿ ನಮ್ಮ ಅಡುಗೆಮನೆಗೆ ಬಂದು ಸೇರಿತು. ಇದರ ಜಾತಿಗಳಲ್ಲಿ ದಕ್ಷಿಣ ಅಮೆರಿಕದಿಂದ ಬಂದ ಒಂದಕ್ಕೆ ಸಸ್ಯಶಾಸ್ತ್ರಜ್ಞರು 'ಕುಕುರ್ಬಿಟ ಮ್ಯಾಕ್ಸಿಮ' ಎಂದು ಹೆಸರಿಟ್ಟಿದ್ದಾರೆ. 'ಮ್ಯಾಕ್ಸಿಮ' ಎಂದರೆ ಲ್ಯಾಟಿನ್ ಭಾಷೆಯಲ್ಲಿ 'ಅತಿ ದೊಡ್ಡದು' ಎಂದೇ ಅರ್ಥ. ದೈತ್ಯ ಕುಂಬಳಗಳೆಲ್ಲ ಈ ಜಾತಿಯವೇ.

ಕೆನಡದ ಒಂಟೇರಿಯೊ ಪ್ರಾಂತದ ವಿಲಿಯಂ ವಾರ್ನಕ್ ಎಂಬಾತನು 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ 400 ಪೌಂಡು ತೂಕದ, ಎಂದರೆ ಸುಮಾರು 181 ಕಿಲೋಗ್ರಾಮಿನ, ಕಾಯನ್ನು ಇಟ್ಟು ಜನರನ್ನು ಬೆರಗುಗೊಳಿಸಿದನು. 1904ರಲ್ಲಿ ಅಮೆರಿಕದ ಸೇಂಟ್ ಲೂಯಿ ಪ್ರದರ್ಶನಕ್ಕೆ ಅವನು ತಂದ ಕಾಯಿ 403 ಪೌಂಡು ತೂಗಿತು. ಆ ದಾಖಲೆಯನ್ನು 1976ರವರೆಗೆ ಯಾರೂ ಮುರಿಯಲಿಲ್ಲ. ಅನಂತರ ವಿಂಡ್ಸರಿನ ರೈತ ಹೊವಾರ್ಡ್ ಡಿಲ್ ಎಂಬವನು ವರ್ಷವರ್ಷವೂ ಒಳ್ಳೆಯ ಕಾಯಿಗಳ ಬೀಜವನ್ನೇ ಆರಿಸಿ, ಬೆಳೆಸಿ, ಮತ್ತೆ ಆರಿಸಿ, 'ಅಟ್ಲಾಂಟಿಕ್ ಜಯಂಟ್' ಎಂಬ ತಳಿಯನ್ನು ಸಿದ್ಧಪಡಿಸಿದನು. 1981ರಲ್ಲಿ ಅವನ ಕಾಯಿ 493.5 ಪೌಂಡು ತೂಗಿ ಹೊಸ ದಾಖಲೆಯಾಯಿತು. ಇಂದಿನ ದೈತ್ಯ ಕುಂಬಳಗಳ ವಂಶಾವಳಿಯನ್ನು ಹಿಡಿದು ಹಿಂದಕ್ಕೆ ಹೋದರೆ ನಾವು ಡಿಲ್‌ನ ಹೊಲಕ್ಕೆ ಬಂದು ನಿಲ್ಲುತ್ತೇವೆ.

ಆಮೇಲಿನ ಬೆಳವಣಿಗೆ ಅತಿ ವೇಗವಾಗಿ ನಡೆಯಿತು. 1996ರಲ್ಲಿ ಸಾವಿರ ಪೌಂಡಿನ ಗಡಿಯನ್ನೂ, 2012ರಲ್ಲಿ ಎರಡು ಸಾವಿರ ಪೌಂಡಿನ ಗಡಿಯನ್ನೂ ಬೆಳೆಗಾರರು ದಾಟಿದರು. 2023ರಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದ ಟ್ರಾವಿಸ್ ಗಿಂಗರ್ ಎಂಬ ತೋಟಗಾರಿಕೆಯ ಅಧ್ಯಾಪಕರು ಬೆಳೆದ ಕಾಯಿ 2,749 ಪೌಂಡು, ಎಂದರೆ 1,247 ಕಿಲೋಗ್ರಾಂ ತೂಗಿತು. 2025ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಹ್ಯಾಂಪ್‌ಷೈರಿನ ಅವಳಿ ಸೋದರರಾದ ಇಯಾನ್ ಮತ್ತು ಸ್ಟುವರ್ಟ್ ಪೇಟನ್ ಅವರ ಕಾಯಿ 1,278 ಕಿಲೋಗ್ರಾಮಿಗೂ ಮಿಕ್ಕಿ ತೂಗಿ ಅದನ್ನೂ ಮೀರಿಸಿತು. ವಾರ್ನಕ್‌ನ ಏಳು ಕಾಯಿಗಳನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟರೆ ಈ ಒಂದು ಕಾಯಿಗೆ ಸರಿಹೋದೀತು!

2. ನೂರು ದಿನಗಳ ತಪಸ್ಸು

ಆ ಸೀಮೆಗಳಲ್ಲಿ ಏಪ್ರಿಲ್ ತಿಂಗಳಲ್ಲಿ ಬೀಜವನ್ನು ಮನೆಯೊಳಗೆ ಬೆಚ್ಚಗಿಟ್ಟು ಮೊಳಕೆ ಬರಿಸುವರು. ಚಳಿ ಕಳೆದ ಮೇಲೆ ಸಸಿಯನ್ನು ನೆಲಕ್ಕೆ ಇಳಿಸುವರು. ಜೂನ್ ಕೊನೆಗೋ ಜುಲೈ ಮೊದಲಿಗೋ ಹೀಚು ಕಚ್ಚುವುದು. ಅನೇಕ ಹೀಚುಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡು ಮಿಕ್ಕವನ್ನು ಚಿವುಟಿ ಹಾಕುವರು. ಇಡೀ ಬಳ್ಳಿಯ ದುಡಿಮೆಯೆಲ್ಲ ಆ ಒಂದೇ ಕಾಯಿಗೆ ಮೀಸಲು. ಅಲ್ಲಿಂದ ಸುಮಾರು ನೂರು ದಿನ ಆ ಕಾಯಿ ಬೆಳೆಯುವುದು. ಭರದ ಬೆಳವಣಿಗೆಯ ಕಾಲದಲ್ಲಿ ಅದು ಒಂದೇ ದಿನದಲ್ಲಿ 15ರಿಂದ 20 ಕಿಲೋಗ್ರಾಂ ಹೆಚ್ಚುವುದುಂಟು. ನಿಮ್ಮಲ್ಲಿ ಆರು ವರ್ಷದ ತಮ್ಮನೋ ತಂಗಿಯೋ ಇರುವವರು ಯೋಚಿಸಿ ನೋಡಿರಿ: ಆ ಮಗುವಿನ ತೂಕದಷ್ಟು ಬೆಳವಣಿಗೆ ಒಂದು ಹಗಲು ಒಂದು ರಾತ್ರಿಯಲ್ಲಿ!

ಈ ನೂರು ದಿನಗಳಲ್ಲಿಯೇ ಅಲ್ಲಿನ ಜುಲೈ, ಆಗಸ್ಟ್ ತಿಂಗಳುಗಳ ಸುಡುಬಿಸಿಲು ಬಂದು ಸೇರುವುದು. ಬೆಳವಣಿಗೆಯ ಭರವೂ ಬಿಸಿಲಿನ ಭರವೂ ಒಮ್ಮೆಗೇ ಬರುವುದರಿಂದ ಬೆಳೆಗಾರನಿಗೆ ತಪ್ಪು ಮಾಡಲು ಅವಕಾಶವಿಲ್ಲ. ಎಂಟು ಹತ್ತು ದಿನಗಳ ಬಿಸಿಗಾಳಿ ಇಡೀ ವರ್ಷದ ಶ್ರಮವನ್ನು ಮಣ್ಣುಗೂಡಿಸಬಲ್ಲದು. ಬಳ್ಳಿಗೆ ಒಂದೇ ಕಾಯಿಯಾದುದರಿಂದ, ಅದು ಹೋದರೆ ಎಲ್ಲವೂ ಹೋದಂತೆಯೇ ಸರಿ.

3. ಬಿಸಿಲು ಬಳ್ಳಿಗೆ ಏನು ಮಾಡುವುದು?

ಬಿಸಿಲಿಲ್ಲದೆ ಗಿಡವಿಲ್ಲ. ಎಲೆಯು ಬಿಸಿಲಿನ ಬೆಳಕನ್ನೂ ಗಾಳಿಯ ಇಂಗಾಲದ ಡೈ ಆಕ್ಸೈಡನ್ನೂ ಬೇರು ತಂದ ನೀರನ್ನೂ ಸೇರಿಸಿ ಸಕ್ಕರೆಯನ್ನು ತಯಾರಿಸುವುದನ್ನು ನೀವು ಪಾಠದಲ್ಲಿ ಓದಿದ್ದೀರಷ್ಟೆ. ಕಾಯನ್ನು ಬೆಳೆಸುವುದು ಆ ಸಕ್ಕರೆಯೇ. ಆದರೆ ಬೆಳಕಿನೊಡನೆ ಕಾವೂ ಬರುವುದು. ಕೈಯಗಲದ ಎಲೆಗಿಂತ ಮೊರದಗಲದ ಎಲೆಗೆ ಹೆಚ್ಚು ಕಾವು ತಗಲುವುದು ಸಹಜವಲ್ಲವೆ? ಕುಂಬಳದ ಎಲೆಗಳು ಮೊರದಂಥವೇ.

ಈ ಕಾವನ್ನು ಕಳೆದುಕೊಳ್ಳಲು ಎಲೆಗೆ ನಿಸರ್ಗವು ಒಂದು ಉಪಾಯವನ್ನು ಕೊಟ್ಟಿದೆ. ಎಲೆಯ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಬಾಯಿಗಳಿವೆ. ಅವಕ್ಕೆ ಪತ್ರರಂಧ್ರಗಳೆಂದು ಹೆಸರು. ಬೇರು ಹೀರಿದ ನೀರು ಈ ರಂಧ್ರಗಳ ಮೂಲಕ ಆವಿಯಾಗಿ ಹೊರಬೀಳುವುದು. ಇದನ್ನೇ ಬಾಷ್ಪವಿಸರ್ಜನೆ ಎನ್ನುವರು. ನೀರು ಆವಿಯಾಗಬೇಕಾದರೆ ಕಾವು ಬೇಕು. ಆ ಕಾವನ್ನು ಅದು ಎಲೆಯಿಂದಲೇ ಸೆಳೆದುಕೊಳ್ಳುವುದರಿಂದ ಎಲೆ ತಂಪಾಗುವುದು. ಮಣ್ಣಿನ ಹೂಜಿಯಲ್ಲಿಟ್ಟ ನೀರು ತಣ್ಣಗಾಗುವುದೂ, ಬೆವರಿದ ಮೈಗೆ ಗಾಳಿ ತಗುಲಿದಾಗ ಹಾಯೆನಿಸುವುದೂ ಇದೇ ಕಾರಣದಿಂದ.

ಇದರಲ್ಲಿ ಅಡಗಿರುವ ಶಕ್ತಿ ಅಲ್ಪವಾದುದಲ್ಲ. ಸಾಮಾನ್ಯ ಉಷ್ಣತೆಯಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲರಿ ಕಾವು ಬೇಕು. ಹಾಗಾದರೆ ಒಂದು ಲೀಟರಿಗೆ 5,80,000 ಕ್ಯಾಲರಿ. 28 ಡಿಗ್ರಿಯಲ್ಲಿರುವ ನೀರನ್ನು 100 ಡಿಗ್ರಿಗೆ ತರಲು ಪ್ರತಿ ಗ್ರಾಮಿಗೆ 72 ಕ್ಯಾಲರಿ ಸಾಕು. ಎಂದಮೇಲೆ, ಎಲೆಗಳಿಂದ ಒಂದೇ ಒಂದು ಲೀಟರು ನೀರು ಆವಿಯಾದರೆ, ಎಂಟು ಲೀಟರು ಸ್ನಾನದ ನೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಕಾವನ್ನು ಬಳ್ಳಿಯು ಹೊರಗೆ ಕಳಿಸಿದಂತಾಯಿತು. ಬಲಿತ ದೈತ್ಯ ಬಳ್ಳಿಯೊಂದಕ್ಕೆ ಬಿರುಬೇಸಗೆಯಲ್ಲಿ ದಿನಕ್ಕೆ ಮುನ್ನೂರು ನಾನೂರು ಲೀಟರು ನೀರು ಬೇಕಾಗುವುದು ಏಕೆಂಬುದು ಈಗ ತಿಳಿಯಿತಷ್ಟೆ. ಆ ನೀರಿನ ಬಹುಪಾಲು ಹೋಗುವುದು ಕಾಯಿಗಲ್ಲ, ತಂಪಿಗೆ.

ನಡುಹಗಲಿನಲ್ಲಿ ಬೇರು ತರುವ ನೀರಿಗಿಂತ ಎಲೆ ಕಳೆದುಕೊಳ್ಳುವ ನೀರು ಹೆಚ್ಚಾದಾಗ ಕಷ್ಟ ಮೊದಲಾಗುವುದು. ಆಗ ಎಲೆ ತನ್ನ ರಂಧ್ರಗಳನ್ನು ಮುಚ್ಚಿಕೊಳ್ಳುವುದು. ನೀರೇನೋ ಉಳಿಯಿತು. ಆದರೆ ಇಂಗಾಲದ ಡೈ ಆಕ್ಸೈಡು ಒಳಬರುವ ದಾರಿಯೂ ಮುಚ್ಚಿತು, ಸಕ್ಕರೆಯ ತಯಾರಿಕೆ ಇಳಿಯಿತು, ಎಲೆಯ ಕಾವು ಏರಿತು. ಹೀಗೆಯೇ ಮುಂದುವರಿದರೆ ಎಲೆಯ ಅಂಚು ಕಂದು ಬಣ್ಣಕ್ಕೆ ತಿರುಗಿ ಹಪ್ಪಳದಂತೆ ಗರಿಗರಿಯಾಗುವುದು. ರಾತ್ರಿಯೂ ಸೆಕೆಯಿದ್ದರೆ ಮತ್ತೊಂದು ನಷ್ಟ: ಗಿಡವೂ ನಮ್ಮಂತೆ ಉಸಿರಾಡುವುದು. ಕಾವು ಹೆಚ್ಚಿದಷ್ಟೂ ಉಸಿರಾಟ ಹೆಚ್ಚಿ, ಹಗಲು ಗಳಿಸಿದ ಸಕ್ಕರೆಯನ್ನು ರಾತ್ರಿ ಖರ್ಚುಮಾಡುವುದು. ದುಡಿದದ್ದೆಲ್ಲ ಬಾಡಿಗೆಗೇ ಹೋಗುವ ಸಂಸಾರದಂತಾಗುವುದು ಆ ಬಳ್ಳಿಯ ಬಾಳು.

4. ನಾವು ಕಲಿತ ಪಾಠ

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಬೇಕಾಗಿದೆ. ಹಿಂದೊಂದು ವರ್ಷ ನಾವೂ ನಮ್ಮ ತೋಟಗಾರಿಕೆಯ ಗುಂಪಿನ ಮಕ್ಕಳೂ ಸೇರಿ ಶಾಲೆಯ ಮಾಳಿಗೆಯ ಮೇಲೆ, ಅರ್ಧಕ್ಕೆ ಕೊಯ್ದ ಡ್ರಮ್ಮಿನಲ್ಲಿ ಮಣ್ಣು ತುಂಬಿ ಸಿಹಿಗುಂಬಳದ ಬೀಜವನ್ನು ಬಿತ್ತಿದೆವು. ಅದು ದೈತ್ಯ ತಳಿಯದಲ್ಲ. ಹುಬ್ಬಳ್ಳಿಯ ಕಡೆಯ ವಿದ್ಯಾರ್ಥಿಯೊಬ್ಬನ ಅಜ್ಜಿ ಕಟ್ಟಿಕೊಟ್ಟ ಊರ ಬೀಜ. ಫೆಬ್ರವರಿ ಮೊದಲಲ್ಲಿ ಬಿತ್ತಿದುದು ಮಾರ್ಚ್ ಕೊನೆಗೆ ಗೋಡೆಯುದ್ದಕ್ಕೂ ಹಬ್ಬಿತು. ಒಂದು ಹೀಚೂ ಕಚ್ಚಿತು.

ಮುಂಬಯಿಯಲ್ಲಿ ಸಮುದ್ರದ ಗಾಳಿ ಹೊತ್ತಿಗೆ ಸರಿಯಾಗಿ ಬೀಸದೆ, ಪೂರ್ವದ ನೆಲದ ಕಡೆಯಿಂದ ಒಣಗಾಳಿ ಬೀಸುವ ದಿನಗಳು ಮಾರ್ಚಿನಲ್ಲಿ ಕೆಲವು ಬರುತ್ತವೆ. ಅಂಥ ಒಂದು ಮಧ್ಯಾಹ್ನ ನಾವು ಮಾಳಿಗೆ ಹತ್ತಿ ನೋಡಿದಾಗ, ಬೆಳಿಗ್ಗೆ ಕೊಡೆಯಂತೆ ಬಿಚ್ಚಿಕೊಂಡಿದ್ದ ಎಲೆಗಳೆಲ್ಲ ಒದ್ದೆ ಬಟ್ಟೆಯಂತೆ ಜೋತುಬಿದ್ದಿದ್ದವು. "ಸರ್, ಬಳ್ಳಿ ಸಾಯುತ್ತಿದೆ!" ಎಂದು ಮಕ್ಕಳು ಕೂಗಿಕೊಂಡರು. ನಾವೂ ಹಿಂದುಮುಂದು ನೋಡದೆ ಎರಡು ಬಾಲ್ದಿ ನೀರು ಸುರಿಸಿದೆವು. ಮರುದಿನವೂ ಹಾಗೆಯೇ ಜೋತುಬಿದ್ದಿತು, ಮತ್ತೆ ಸುರಿದೆವು. ಒಂದು ವಾರ ಮಧ್ಯಾಹ್ನಕ್ಕೊಮ್ಮೆ ಸಂಜೆಗೊಮ್ಮೆ ನೀರು ಹೊಯ್ದೆವು. ಎಂಟನೆಯ ದಿನದಿಂದ ಎಲೆಗಳು ಸಂಜೆಯಾದರೂ ಏಳಲಿಲ್ಲ. ಹಳದಿಯಾಗಿ ಒಂದೊಂದೇ ಉದುರಿದವು. ಹೀಚು ತೊಟ್ಟಿನ ಬಳಿ ಕೊಳೆತು ಬಿದ್ದಿತು. ಕೊನೆಗೆ ಡ್ರಮ್ಮನ್ನು ಮಗುಚಿದಾಗ ಕೆಟ್ಟ ವಾಸನೆ ಬಂದಿತು. ತಳದ ತೂತುಗಳು ಮಣ್ಣಿನಿಂದ ಕಟ್ಟಿಕೊಂಡು, ಬೇರುಗಳು ನಿಂತ ನೀರಿನಲ್ಲಿ ಕೊಳೆತುಹೋಗಿದ್ದವು.

ಬಳ್ಳಿಯನ್ನು ಕೊಂದುದು ಬಿಸಿಲಲ್ಲ, ನಮ್ಮ ಗಾಬರಿ. ನಡುಹಗಲಿನಲ್ಲಿ ಕುಂಬಳದ ಎಲೆ ಜೋತುಬೀಳುವುದು ಅದರ ಸ್ವಭಾವ. ಬಿಸಿಲಿಗೆ ಮೈಯೊಡ್ಡುವ ಹರವನ್ನು ಅದು ಹಾಗೆ ಕಡಿಮೆ ಮಾಡಿಕೊಳ್ಳುವುದು. ಇಳಿಹೊತ್ತಿಗೆ ತಾನಾಗಿಯೇ ಎದ್ದು ನಿಂತರೆ ಅದಕ್ಕೆ ಯಾವ ರೋಗವೂ ಇಲ್ಲ. ಸಂಜೆಯಾದರೂ ಏಳದಿದ್ದರೆ, ಇಲ್ಲವೆ ಬೆಳಗಿನ ತಂಪಿನಲ್ಲಿಯೇ ಬಾಡಿದ್ದರೆ ಮಾತ್ರ ಚಿಂತಿಸಬೇಕು. ಆಗಲೂ ಮೊದಲು ಮಾಡಬೇಕಾದುದು ನೀರು ಹಾಕುವುದಲ್ಲ, ಮಣ್ಣಿನಲ್ಲಿ ಬೆರಳಿಟ್ಟು ನೋಡುವುದು. ಎರಡು ಗೆಣ್ಣಿನಷ್ಟು ಬೆರಳು ಇಳಿದಾಗ ಒಣಗಿದ್ದರೆ ನೀರು ಕೊಡಬೇಕು. ಹಸಿಯಾಗಿದ್ದರೆ ಕೊಡಬಾರದು. ಬೇರಿಗೂ ಗಾಳಿ ಬೇಕು. ಸದಾ ನೀರು ನಿಂತ ಮಣ್ಣಿನಲ್ಲಿ ಗಾಳಿಗೆ ಎಡೆಯಿಲ್ಲ. ಬಾಯಾರಿದ ಬಳ್ಳಿಯೂ ಬೇರು ಕೊಳೆತ ಬಳ್ಳಿಯೂ ಹೊರನೋಟಕ್ಕೆ ಒಂದೇ ರೀತಿಯಾಗಿ ಬಾಡುವುವು. ಒಂದರ ಮದ್ದು ಇನ್ನೊಂದಕ್ಕೆ ವಿಷ.

5. ರಕ್ಷಣೆಯ ಉಪಾಯಗಳು

ಇನ್ನು ದೈತ್ಯ ಕುಂಬಳದ ಬೆಳೆಗಾರರು ಬಿರುಬಿಸಿಲನ್ನು ಎದುರಿಸುವ ಬಗೆಯನ್ನು ಒಂದೊಂದಾಗಿ ನೋಡೋಣ.

ನೀರು: ಇವರು ನೀರನ್ನು ಬೆಳಗಿನ ಹೊತ್ತು ಬುಡಕ್ಕೆ ನಿಧಾನವಾಗಿ, ಆಳಕ್ಕೆ ಇಳಿಯುವಂತೆ ಕೊಡುವರು. ಹೀಗೆ ಮಾಡಿದರೆ ಬಿಸಿಲೇರುವ ಮೊದಲೇ ಬಳ್ಳಿ ನೀರುಂಡು ಸಿದ್ಧವಾಗಿರುವುದು. ಒಮ್ಮೆಗೇ ಸುರಿಯುವುದಕ್ಕಿಂತ ಹಂಚಿ ಕೊಡುವುದು ಲೇಸು. 2023ರ ದಾಖಲೆಯ ಕಾಯಿಗೆ ಗಿಂಗರ್ ಅವರು ಕೆಲವು ದಿನ ಹನ್ನೆರಡು ಸಲದವರೆಗೂ ನೀರು ಕೊಟ್ಟುದಾಗಿ ಹೇಳಿದ್ದಾರೆ. ಇಷ್ಟು ನೀರನ್ನು ತಡೆದುಕೊಳ್ಳಬೇಕಾದರೆ ಅದು ಬಸಿದುಹೋಗುವಂಥ ಸಡಿಲವಾದ, ಗೊಬ್ಬರ ತುಂಬಿದ ಮಣ್ಣು ಅಗತ್ಯ. ನಮ್ಮ ಡ್ರಮ್ಮಿಗೆ ಇಲ್ಲದೆ ಹೋದುದು ಅದೇ. ಮುಖ್ಯವಾದುದು ನಿಯಮ. ನಾಲ್ಕು ದಿನ ಒಣಗಿಸಿ ಐದನೆಯ ದಿನ ಹೊಳೆ ಹರಿಸಿದರೆ, ಕಾಯಿಯ ಒಳಗಿನ ತಿರುಳು ಒಮ್ಮೆಗೇ ಉಬ್ಬಿ, ಸಿಪ್ಪೆ ಅದರೊಡನೆ ಹಿಗ್ಗಲಾರದೆ ಸೀಳುವುದು. ಒಳಪೊಳ್ಳಿನವರೆಗೆ ಸೀಳಿದ ಕಾಯನ್ನು ಪಂದ್ಯದಲ್ಲಿ ಸ್ವೀಕರಿಸುವುದಿಲ್ಲ.

ಮುಚ್ಚಿಗೆ: ಬರಿಯ ನೆಲ ಬಿಸಿಲಿಗೆ ಕಾದ ಹಂಚಾಗುವುದು. ಅದರ ಮೇಲೆ ಹುಲ್ಲು, ತರಗೆಲೆ, ಹೊಟ್ಟುಗಳನ್ನು ಹರಡಿದರೆ ಬೇರಿನ ವಲಯ ತಂಪಾಗಿರುವುದು. ಮಣ್ಣಿನ ತೇವ ಬೇಗ ಆರದು. ಮಲೆನಾಡಿನ ನಮ್ಮ ರೈತರು ಅಡಿಕೆಯ ಬುಡಕ್ಕೆ ಸೊಪ್ಪು ಹೊದಿಸುವುದನ್ನು ಊರಿಗೆ ಹೋದವರು ಕಂಡಿರಬಹುದು. ತತ್ವ ಒಂದೇ. ಮುಚ್ಚಿಗೆಯನ್ನು ಕಾಂಡಕ್ಕೆ ತಾಗಿಸದೆ ನಾಲ್ಕು ಬೆರಳು ದೂರವಿಡಬೇಕು. ಇಲ್ಲವಾದರೆ ಕಾಂಡ ಕೊಳೆಯುವುದು.

ಹೊಸ ಬೇರು: ಕುಂಬಳದ ಬಳ್ಳಿಗೆ ಒಂದು ವಿಶೇಷ ಗುಣವಿದೆ. ಅದರ ಪ್ರತಿಯೊಂದು ಗೆಣ್ಣೂ ಮಣ್ಣು ತಾಗಿದರೆ ಬೇರು ಬಿಡುವುದು. ಬೆಳೆಗಾರರು ಬಳ್ಳಿ ಹಬ್ಬಿದಂತೆಲ್ಲ ಗೆಣ್ಣುಗಳ ಮೇಲೆ ಮಣ್ಣು ಮುಚ್ಚುತ್ತ ಹೋಗುವರು. ಬುಡದ ಒಂದು ಬಾಯಿಂದ ನೀರು ಕುಡಿಯುತ್ತಿದ್ದ ಬಳ್ಳಿ ಹೀಗೆ ನೂರು ಬಾಯಿಂದ ಕುಡಿಯುವಂತಾಗುವುದು. ಗಾಳಿಗೆ ಬಳ್ಳಿ ಹೊರಳಿ ಮುರಿಯುವ ಭಯವೂ ತಪ್ಪುವುದು. ಬಿಸಿಲನ್ನು ಎದುರಿಸುವ ಉಪಾಯಗಳಲ್ಲಿ ಇದನ್ನು ಮೇಲಾದುದೆಂದು ನಾವು ಎಣಿಸುತ್ತೇವೆ. ಏಕೆಂದರೆ ಇದು ಬಿಸಿಲು ಬಂದಾಗ ಮಾಡುವ ಕೆಲಸವಲ್ಲ, ಬರುವುದಕ್ಕೆ ಮೊದಲೇ ಮಾಡಿಡುವ ಕೆಲಸ.

ನೆರಳು: ಸುಡುಬಿಸಿಲಿನ ದಿನಗಳಲ್ಲಿ ಬಳ್ಳಿಯ ಮೇಲೆ ಎತ್ತರದಲ್ಲಿ ನೆರಳುಬಲೆಯನ್ನು ಕಟ್ಟುವರು. ಬಿಸಿಲಿನ ಮೂರರಲ್ಲೊಂದು ಪಾಲನ್ನೋ ಅರ್ಧವನ್ನೋ ತಡೆಯುವ ಬಲೆಗಳು ದೊರೆಯುತ್ತವೆ. ಪೂರ್ತಿ ಕತ್ತಲೆ ಮಾಡಿದರೆ ಸಕ್ಕರೆಯ ತಯಾರಿಕೆಯೇ ನಿಲ್ಲುವುದರಿಂದ ನಡುಹಗಲಿನ ನಾಲ್ಕೈದು ಗಂಟೆಗೆ ಹದವಾದ ನೆರಳು ಸಾಕು. ಬಲೆಯು ಎಲೆಗಳಿಗೆ ತಾಗದೆ, ಕೆಳಗೆ ಗಾಳಿ ಆಡುವಂತಿರಬೇಕು. ನಮ್ಮ ಹಿರಿಯರು ತೆಂಗಿನ ಗರಿಯ ಚಪ್ಪರದಿಂದ ಎಳೆಯ ಸಸಿಗಳನ್ನು ಕಾಯುತ್ತಿದ್ದುದೂ ಇದೇ ಲೆಕ್ಕದಲ್ಲಿ.

ತುಂತುರು: ಬಿಸಿಲೇರಿದಾಗ ಎಲೆಗಳ ಮೇಲೆ ಸಣ್ಣ ಹನಿಗಳ ತುಂತುರನ್ನು ಕೆಲವು ನಿಮಿಷ ಹಾಯಿಸಿ ನಿಲ್ಲಿಸುವರು. ಆ ಹನಿಗಳು ಆವಿಯಾಗುತ್ತ ಎಲೆಯ ಕಾವನ್ನು ಒಯ್ಯುವುವು. ಇಲ್ಲಿ ನೀರನ್ನು ಬೇರಿಗೆಂದು ಕೊಡುವುದಲ್ಲ, ಮೈ ತಣಿಸಲೆಂದು ಕೊಡುವುದು. ಆದರೆ ಸಂಜೆ ತಡವಾಗಿ ಎಲೆ ನೆನೆಸಿದರೆ ಅದು ರಾತ್ರಿಯೆಲ್ಲ ಒದ್ದೆಯಾಗಿ ಉಳಿದು, ಎಲೆಗೆ ರೋಗ ತರುವ ಶಿಲೀಂಧ್ರಗಳಿಗೆ ಆಹ್ವಾನ ಕೊಟ್ಟಂತಾಗುವುದು. ಎಲೆಗಳು ಕತ್ತಲಾಗುವ ಮುನ್ನ ಒಣಗಿರಬೇಕು.

ಗಾಳಿಯ ತಡೆ: ಒಣ ಬಿಸಿಗಾಳಿ ಬಿಸಿಲಿಗಿಂತಲೂ ಕ್ರೂರಿ. ಎಲೆಯ ಸುತ್ತಲಿನ ತೇವವನ್ನು ಅದು ಒಂದೇ ಸಮನೆ ಒರೆಸಿಕೊಂಡು ಹೋಗುವುದು. ಗಾಳಿ ಬರುವ ದಿಕ್ಕಿಗೆ ಬೇಲಿಯನ್ನೋ, ಬಟ್ಟೆಯ ಪರದೆಯನ್ನೋ, ಎತ್ತರದ ಬೆಳೆಯ ಸಾಲನ್ನೋ ನಿಲ್ಲಿಸುವರು.

ಹೂವು: ಕುಂಬಳದಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಹೆಣ್ಣು ಹೂವಿನ ಕೆಳಗೆ ಪುಟ್ಟ ಕಾಯಿಯ ಆಕಾರ ಮೊದಲೇ ಇರುವುದು. ಹೂವುಗಳು ನಸುಕಿನಲ್ಲಿ ಅರಳಿ, ಬಿಸಿಲೇರುತ್ತಲೇ ಮುಚ್ಚುವುವು. ಕಾವು ಹೆಚ್ಚಾದರೆ ಪರಾಗ ಸತ್ವಗೆಡುವುದು, ಹೀಚು ಹಳದಿಯಾಗಿ ಉದುರುವುದು. ಅದಕ್ಕಾಗಿ ಬೆಳೆಗಾರರು ನಸುಕಿನಲ್ಲೆದ್ದು ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿಗೆ ಕೈಯಾರೆ ಪರಾಗ ಮುಟ್ಟಿಸುವರು. ಬಳಿಕ ಆ ಹೂವಿಗೆ ಕೊಡೆ ಹಿಡಿಸಿ, ಪಕ್ಕದಲ್ಲಿ ಮಂಜುಗಡ್ಡೆಯಾದ ನೀರಿನ ಸೀಸೆಗಳನ್ನು ಇಡುವವರೂ ಉಂಟು. ಹೂವಿಗೆ ಇಂಥ ಉಪಚಾರವೆ ಎಂದು ನಗಬೇಡಿರಿ. ಆ ಒಂದು ಬೆಳಗು ತಪ್ಪಿದರೆ ಆ ಹೂವಿನ ಕಾಯಿ ಮತ್ತೆ ಸಿಕ್ಕದು.

ಕಾಯಿ: ಬೆಳೆಯುವ ಕಾಯಿಗೆ ನೇರ ಬಿಸಿಲು ಬೇಕಿಲ್ಲ. ಅದಕ್ಕೆ ಬೇಕಾದ ಸಕ್ಕರೆಯನ್ನು ಎಲೆಗಳು ಕಳಿಸುವುವು. ಬಿಸಿಲು ತಗುಲಿದ ಸಿಪ್ಪೆ ಬೇಗ ಬಲಿತು ಗಡುಸಾಗಿ, ಹಿಗ್ಗುವ ಗುಣವನ್ನು ಕಳೆದುಕೊಂಡು ಸೀಳುವ ಸಂಭವವುಂಟು. ಆದುದರಿಂದ ಕಾಯಿಯ ಮೇಲೆ ಬಿಳಿಯ ಬಟ್ಟೆಯನ್ನು ಹೊದಿಸುವರು ಇಲ್ಲವೆ ಅದಕ್ಕೆಂದೇ ಪುಟ್ಟ ಚಪ್ಪರವನ್ನು ಹಾಕುವರು. ಬಿಳಿಯ ಬಣ್ಣ ಬೆಳಕನ್ನು ಹಿಂದಕ್ಕೆ ಕಳಿಸುವುದೆಂಬುದು ನಿಮಗೆ ತಿಳಿದ ವಿಷಯವೇ. ಮೊದಮೊದಲು ತಲೆದಿಂಬಿನ ಚೀಲದಷ್ಟು ಸಾಕಾಗುವ ಬಟ್ಟೆ, ಕೊನೆಗೆ ಇಬ್ಬರು ಮಲಗುವ ಹಾಸುಗೆಯ ಮೇಲ್ಹೊದಿಕೆಯಷ್ಟು ಬೇಕಾಗುವುದು.

6. ಊರಿಗೊಂದು ಉಪಾಯ

ಉಪಾಯಗಳನ್ನು ಕಂಠಪಾಠ ಮಾಡಿದರೆ ಸಾಲದು, ಅವುಗಳ ಕಾರಣವನ್ನು ಅರಿತಿರಬೇಕು. ದಿಲ್ಲಿಯ ಮನೆಗಳಲ್ಲಿ ಕಿಟಕಿಗೆ ಲಾವಂಚದ ತಟ್ಟಿಯನ್ನು ಕಟ್ಟಿ ನೀರು ಚಿಮುಕಿಸಿದರೆ ಕೋಣೆ ತಂಪಾಗುವುದು. ವಿಜಯಪುರ, ಕಲಬುರಗಿಗಳ ಒಣಬಿಸಿಲಿನಲ್ಲಿ ಹೂಜಿಯ ನೀರು ಹಲ್ಲು ಜುಮ್ಮೆನ್ನಿಸುವುದು. ಮುಂಬಯಿಯ ಮೇ ತಿಂಗಳಲ್ಲಿ ಅದೇ ಹೂಜಿ ಅಷ್ಟು ಕೆಲಸ ಮಾಡದು. ಏಕೆ? ಇಲ್ಲಿಯ ಗಾಳಿಯಲ್ಲಿ ತೇವ ಮೊದಲೇ ತುಂಬಿರುವುದರಿಂದ ಹೊಸ ಆವಿಗೆ ಅಲ್ಲಿ ಎಡೆ ಕಡಿಮೆ. ಎಂದಮೇಲೆ ಒಣ ಸೀಮೆಯಲ್ಲಿ ಬಳ್ಳಿಗೆ ತುಂತುರು ಬಹಳ ಉಪಕಾರಿ. ನಮ್ಮ ಕಡಲತೀರದಲ್ಲಿ ತುಂತುರಿಗಿಂತ ನೆರಳೂ ಮುಚ್ಚಿಗೆಯೂ ಹೆಚ್ಚು ಉಪಕಾರಿ.

ಮರುವರ್ಷ ನಾವು ಈ ವಿವೇಕದಿಂದ ಮತ್ತೆ ತೊಡಗಿದೆವು. ಬಿಸಿಲೇರುವ ಮೊದಲೇ ಕಾಯಿ ಕಚ್ಚಲೆಂದು ಬೀಜವನ್ನು ಡಿಸೆಂಬರ್ ಕೊನೆಗೇ ಬಿತ್ತಿದೆವು. ಡ್ರಮ್ಮಿನ ತಳದ ತೂತುಗಳ ಮೇಲೆ ಹಂಚಿನ ಚೂರುಗಳನ್ನು ಹರಡಿ, ಡ್ರಮ್ಮನ್ನು ಇಟ್ಟಿಗೆಗಳ ಮೇಲೆ ಎತ್ತಿ ಇಟ್ಟೆವು. ಕಾದ ಕಾಂಕ್ರೀಟಿನ ಬಿಸಿ ಡ್ರಮ್ಮಿಗೆ ತಾಗದಂತೆ ಸುತ್ತಲೂ ಗೋಣಿತಾಟನ್ನು ಸುತ್ತಿದೆವು. ಬಳ್ಳಿ ಹಬ್ಬಿದ ದಾರಿಯಲ್ಲಿ ಮಣ್ಣು ತುಂಬಿದ ಮೂರು ಹಳೆಯ ಡಬ್ಬಿಗಳನ್ನಿಟ್ಟು ಗೆಣ್ಣುಗಳನ್ನು ಅವುಗಳಲ್ಲಿ ಹೂಳಿದೆವು. ಬೆಳಗಿನ ಶಾಲೆಗೆ ಬರುವ ಹುಡುಗಿಯರು ಏಳು ಗಂಟೆಗೇ ಹೂವಿಗೆ ಪರಾಗ ಮುಟ್ಟಿಸಿದರು. ಮಾರ್ಚಿನ ಬಿಸಿಲಿಗೆ ಹಳೆಯ ಬಿಳಿ ಪಂಚೆಯೊಂದು ಚಪ್ಪರವಾಯಿತು. ಮಧ್ಯಾಹ್ನ ಎಲೆಗಳು ಜೋತುಬಿದ್ದವು. ಈ ಸಲ ಯಾರೂ ಕೂಗಿಕೊಳ್ಳಲಿಲ್ಲ. ಒಬ್ಬ ಹುಡುಗನು ಮಣ್ಣಿನಲ್ಲಿ ಬೆರಳಿಟ್ಟು ನೋಡಿ, "ಹಸಿಯಾಗಿದೆ ಸರ್, ಸಂಜೆಯವರೆಗೆ ಕಾಯೋಣ" ಎಂದನು. ಸಂಜೆ ಐದೂವರೆಗೆ ಎಲೆಗಳು ಎದ್ದು ನಿಂತಿದ್ದವು.

ಏಪ್ರಿಲ್ ಕೊನೆಗೆ, ಮಕ್ಕಳು ರಜೆಗೆ ಊರಿಗೆ ಹೊರಡುವ ಮುನ್ನ, ಕಾಯನ್ನು ಕೊಯ್ದೆವು. ಆರು ಕಿಲೋಗ್ರಾಂ ತೂಗಿತು. ದಾಖಲೆಯ ಕಾಯಿಯ ಇನ್ನೂರರಲ್ಲಿ ಒಂದು ಪಾಲಾಗಲಿಲ್ಲ! ಆದರೆ ಅದರಿಂದ ಮಾಡಿದ ಗಾರಿಗೆಯನ್ನು ಇಡೀ ತರಗತಿ ಹಂಚಿಕೊಂಡು ತಿಂದಿತು. ದೈತ್ಯ ಕುಂಬಳವೋ ನೀರುನೀರಾಗಿದ್ದು ರುಚಿಗೆ ಹೆಸರಾದುದಲ್ಲ.

7. ಒಂದು ಪ್ರಶ್ನೆ

ನಮ್ಮ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆಯನ್ನು ಹೇಳಿ ಈ ಪಾಠವನ್ನು ಮುಗಿಸುವೆವು. "ನಮ್ಮ ಚಾಳಿನಲ್ಲಿ ಬೆಳಿಗ್ಗೆ ಎರಡು ಗಂಟೆ ಮಾತ್ರ ನೀರು ಬರುತ್ತದೆ. ತಿನ್ನದ ಕಾಯಿಗೆ ದಿನಕ್ಕೆ ನಾನೂರು ಲೀಟರು ಹಾಕುವುದು ಸರಿಯೆ, ಸರ್?" ಎಂದು ಅವಳು ಕೇಳಿದಳು. ಪ್ರಶ್ನೆ ನ್ಯಾಯವಾದುದು. ನೀರು ಸಮೃದ್ಧವಾಗಿರುವ ಕಡೆ ಅದು ಒಂದು ವಿನೋದ, ಒಂದು ಕಲೆ. ಕೊಡ ಹಿಡಿದು ಸಾಲಿನಲ್ಲಿ ನಿಲ್ಲುವ ಕಡೆ ಅದು ತಪ್ಪೇ ಆದೀತು. ನಮ್ಮ ಡ್ರಮ್ಮಿನ ಬಳ್ಳಿಗೂ ಆ ಪ್ರಶ್ನೆಯ ಮೇಲೆ ನಾವು ಒಂದು ನಿಯಮ ಮಾಡಿಕೊಂಡೆವು: ಅಕ್ಕಿ, ತರಕಾರಿ ತೊಳೆದ ನೀರನ್ನೂ ಮಕ್ಕಳ ಸೀಸೆಗಳಲ್ಲಿ ಉಳಿದ ನೀರನ್ನೂ ಕೂಡಿಡುವುದು, ನಲ್ಲಿಯ ನೀರನ್ನು ಕೊನೆಗೆ ಮುಟ್ಟುವುದು.

ಆದರೂ ಆ ದೈತ್ಯ ಕಾಯಿಂದ ನಾವು ಕಲಿಯಬೇಕಾದುದು ಇದೆ. ದಾಖಲೆಗಳಿರುವಷ್ಟು ಕಾಲದಲ್ಲಿ ಭೂಮಿಯ ಅತ್ಯಂತ ಬಿಸಿಯಾದ ವರ್ಷ 2024 ಎಂದು ವಿಶ್ವ ಹವಾಮಾನ ಸಂಸ್ಥೆ ಸಾರಿದೆ. ಅದಕ್ಕೆ ಮುಂಚೆ ಆ ಹೆಸರು 2023ಕ್ಕೆ ಇತ್ತು. ಊರಿನಲ್ಲಿ ಟೊಮೆಟೊ, ಹೀರೆ, ಕುಂಬಳ ಬೆಳೆದು ಬಾಳುವ ನಿಮ್ಮ ಅಜ್ಜಂದಿರಿಗೂ ಚಿಕ್ಕಪ್ಪಂದಿರಿಗೂ ಹೂವು ಉದುರುವ ಬೇಸಗೆ ಪಂದ್ಯದ ಮಾತಲ್ಲ, ಅನ್ನದ ಮಾತು. ಮುಚ್ಚಿಗೆ, ನೆರಳು, ಹಂಚಿ ಕೊಡುವ ನೀರು, ಗಾಳಿಯ ತಡೆ, ಇವುಗಳಲ್ಲಿ ಯಾವುದೂ ಶ್ರೀಮಂತರ ಸೊತ್ತಲ್ಲ. ರಜೆಯಲ್ಲಿ ಊರಿಗೆ ಹೋದಾಗ ಹೊಲಕ್ಕೆ ಇಳಿಯಿರಿ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಬಳ್ಳಿಯನ್ನು ನೋಡಿರಿ, ಮಣ್ಣಿನಲ್ಲಿ ಬೆರಳಿಡಿರಿ. ಅವಸರಪಟ್ಟು ಸುರಿದ ಎರಡು ಬಾಲ್ದಿ ನೀರಿಗಿಂತ, ನಿಂತು ನೋಡಿದ ಎರಡು ನಿಮಿಷ ಬಳ್ಳಿಗೆ ಹೆಚ್ಚು ಉಪಕಾರಿಯೆಂಬುದನ್ನು ನಾವು ಒಂದು ಬಳ್ಳಿಯನ್ನು ಕಳೆದುಕೊಂಡು ಕಲಿತೆವು. ನೀವು ಕಳೆದುಕೊಳ್ಳದೆಯೇ ಕಲಿಯಬಹುದು.

ಅಭ್ಯಾಸ

1. ಮಧ್ಯಾಹ್ನ ಬಾಡಿ ಸಂಜೆ ಏಳುವ ಬಳ್ಳಿಗೂ, ಬೆಳಿಗ್ಗೆಯೇ ಬಾಡಿರುವ ಬಳ್ಳಿಗೂ ಇರುವ ವ್ಯತ್ಯಾಸವೇನು? ಎರಡನೆಯದನ್ನು ಕಂಡಾಗ ನೀವು ಮೊದಲು ಏನು ಮಾಡುವಿರಿ?

2. ಹೂಜಿಯ ನೀರು ಕಲಬುರಗಿಯಲ್ಲಿ ಮುಂಬಯಿಗಿಂತ ಹೆಚ್ಚು ತಣ್ಣಗಾಗಲು ಕಾರಣವೇನು?

3. ಎಲೆಗಳಿಂದ 5 ಲೀಟರು ನೀರು ಆವಿಯಾದರೆ ಎಷ್ಟು ಕ್ಯಾಲರಿ ಕಾವು ಹೊರಹೋಗುವುದು? ಆ ಕಾವಿನಿಂದ 28 ಡಿಗ್ರಿಯ ಎಷ್ಟು ಲೀಟರು ನೀರನ್ನು 100 ಡಿಗ್ರಿಗೆ ತರಬಹುದು?

4. ಪ್ರಯೋಗ: ಒಂದೇ ಅಳತೆಯ ಎರಡು ಕುಂಡಗಳಲ್ಲಿ ಒಂದೇ ಮಣ್ಣು ತುಂಬಿ, ಸಮನಾಗಿ ನೀರು ಹಾಕಿರಿ. ಒಂದಕ್ಕೆ ಒಣ ಎಲೆಗಳ ಮುಚ್ಚಿಗೆ ಹೊದಿಸಿ, ಇನ್ನೊಂದನ್ನು ಹಾಗೆಯೇ ಬಿಡಿರಿ. ಎರಡನ್ನೂ ಬಿಸಿಲಿನಲ್ಲಿಟ್ಟು ಮೂರು ದಿನ ಬೆಳಿಗ್ಗೆ ಸಂಜೆ ತೂಗಿರಿ. ಯಾವುದರ ತೂಕ ಬೇಗ ಇಳಿಯಿತೆಂಬುದನ್ನು ಬರೆದಿಟ್ಟು, ಅದರ ಕಾರಣವನ್ನು ತರಗತಿಯಲ್ಲಿ ಹೇಳಿರಿ.